ಹಿಂದಕ್ಕೆ ಹೊರಟ ಅಲ್ಯುಮಿನಿಯಂ

"ಅಕ್ಕಾ, ಕಣ್ಣು ಮುಚ್ಕೋ! ನಾನು ಹೇಳೋ ತನಕ ತೆಗೀಬೇಡ!"

ಗೌರಾಂಬ ಕಣ್ಣು ಮುಚ್ಚಲಿಲ್ಲ. ತಮ್ಮ ಪಂಚಾಕ್ಷರಿ ಕಣ್ಣು ಮುಚ್ಚಿಕೋ ಎಂದಾಗಲೆಲ್ಲ ಮನೆಯ ಒಂದಲ್ಲ ಒಂದು ಸಾಮಾನು ಕಾಣೆಯಾಗಿರುತ್ತದೆ ಎನ್ನುವುದು ಆಕೆಗೆ ಅನುಭವದಿಂದ ಗೊತ್ತಿತ್ತು. ಅವನು ಕಾರ್ ಶೆಡ್ಡಿನ ಮೂಲೆಯಲ್ಲಿದ್ದ ಹಳೆಯ ಹೊದಿಕೆಯನ್ನು ಸರ್ರನೆ ಎಳೆದ. ಅದರಡಿ ನಿಂತಿದ್ದ ಯಂತ್ರದ ಹೊಟ್ಟೆ ಆಕೆಯ ದೋಸೆಹಿಟ್ಟು ರುಬ್ಬುವ ಗ್ರೈಂಡರಿನದು! ಕತ್ತು ನಡುಮನೆಯ ಫ್ಯಾನಿನದು! ಮೈತುಂಬ ತಾಮ್ರದ ತಂತಿ ಸುತ್ತಿತ್ತು, ನೆತ್ತಿಯ ಮೇಲೆ ಪೂಜೆಯ ಗಂಟೆ ಕೂತಿತ್ತು.

"ಗಂಟೆ ಯಾತಕ್ಕೋ?" ಎಂದಳು ಗೌರಾಂಬ.

"ಕೆಲಸ ಮುಗಿದ ಮೇಲೆ ಹೊಡ್ಕೊಳ್ಳುತ್ತೆ."

"ನಾಳೆ ಪೂಜೆಗೆ ನಾನೇನು ಹೊಡ್ಕೊಳ್ಲಿ? ತಲೆನಾ?"

ಪಂಚಾಕ್ಷರಿ ಪಾಲಿಟೆಕ್ನಿಕ್ಕಿನ ಪ್ರಯೋಗಶಾಲೆಯಲ್ಲಿ ಕೆಲಸಕ್ಕಿದ್ದು ನಿವೃತ್ತನಾದವನು. ಮದುವೆಯಾಗಿರಲಿಲ್ಲ. ಅಕ್ಕನ ಮನೆಯ ಮೇಲಿನ ಕೋಣೆಯಲ್ಲಿದ್ದುಕೊಂಡು ಜಗತ್ತನ್ನು ಸುಧಾರಿಸುತ್ತಿದ್ದ. ಹೋದ ಬೇಸಿಗೆಯಲ್ಲಿ ಅವನು ಸೊಳ್ಳೆ ಓಡಿಸುವ ಯಂತ್ರವೊಂದನ್ನು ಮಾಡಿದ್ದ. ಅದರ ಸದ್ದಿಗೆ ಮರುಳಾಗಿ ಭದ್ರಾವತಿಯ ಹಳೇನಗರದ ಸೊಳ್ಳೆಗಳೆಲ್ಲ ಸಂಸಾರ ಸಮೇತ ಇವರ ಮನೆಗೆ ಬಂದು ಇಳಿದುಕೊಂಡಿದ್ದವು. ಬೀದಿಯ ಬೇರೆ ಮನೆಯವರು ಮಾತ್ರ ಆ ಯಂತ್ರವನ್ನು ಈಗಲೂ ಬಾಯಿತುಂಬ ಹೊಗಳುತ್ತಾರೆ.

ಆದರೆ ಈ ಸಲದ ವಿಷಯ ಸೊಳ್ಳೆಯಷ್ಟು ಹಗುರವಾಗಿರಲಿಲ್ಲ. ಶೆಡ್ಡಿನಲ್ಲಿ ಬಾನೆಟ್ ತೆರೆದುಕೊಂಡು ನಿಂತಿದ್ದದ್ದು ಗೌರಾಂಬಳ ಗಂಡ ಮರುಳಸಿದ್ಧಪ್ಪನವರ ಹಳೆಯ ಫಿಯಟ್. ಬಟ್ಟೆ ಅಂಗಡಿಯ ಮರುಳಸಿದ್ಧಪ್ಪನವರು ತೀರಿಕೊಂಡ ದಿನದಿಂದ ಅದು ಒಂದು ಸಲವೂ ಶುರುವಾಗಿರಲಿಲ್ಲ. ಬರುವ ಸೋಮವಾರ ಅವರ ವರ್ಷದ ಪುಣ್ಯತಿಥಿ. ತರೀಕೆರೆಯಾಚೆ ಅವರದೇ ಹೊಲದಲ್ಲಿ ಸಮಾಧಿ. ಅಲ್ಲಿಗೆ ಅವರ ಕಾರಿನಲ್ಲೇ ಹೋಗಬೇಕು ಎಂಬುದು ಗೌರಾಂಬಳ ಆಸೆ. "ಬಸ್ಸಲ್ಲಿ ಹೋಗಿ ಇಳಿದ್ರೆ ಅವರು ಮಗ್ಗಲು ತಿರುಗಿ ಮಲಗ್ತಾರೆ" ಎಂದು ಆಕೆ ಎಲ್ಲರಿಗೂ ಹೇಳಿಕೊಂಡು ಬಂದಿದ್ದಳು. ಹೇಳುವಾಗ ನಗುತ್ತಿದ್ದಳು. ಹೇಳಿ ಮುಗಿಸಿದ ಮೇಲೆ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು.

ಕಾರು ನೋಡಲು ಬಂದ ಮೆಕ್ಯಾನಿಕ್ ದಸ್ತಗೀರ್, "ಒಳಗಡೆ ಅಲ್ಯುಮಿನಿಯಂ ಎಲ್ಲಾ ಬೂದಿ ಬಂದ್ಬಿಟ್ಟಿದೆ ಅಮ್ಮ. ಬಿಚ್ಚಿ, ಸೀಮೆಎಣ್ಣೇಲಿ ನೆನೆಸಿ, ಬ್ರಷ್ ಹಾಕಿ ತೊಳೀಬೇಕು. ಬಟ್ಟೆ ಸೋಡಾ ಮಾತ್ರ ಮುಟ್ಟಿಸಬೇಡಿ" ಎಂದು ಎಲ್ಲವನ್ನೂ ಬಿಚ್ಚಿ ಗೋಣಿಚೀಲದ ಮೇಲೆ ಸಾಲಾಗಿ ಇಟ್ಟು ಹೋಗಿದ್ದ. ಅವನು ಗೇಟು ದಾಟುವಷ್ಟರಲ್ಲಿ ಪಂಚಾಕ್ಷರಿ ಒಂದು ಸಣ್ಣ ಮುಚ್ಚಳವನ್ನು ಸೋಡಾ ಹಾಕಿದ ಕುದಿನೀರಿಗೆ ಇಳಿಬಿಟ್ಟಿದ್ದ. ಅದು ನೊರೆನೊರೆಯಾಗಿ ಬುಸುಗುಟ್ಟಿತು, ತೆಗೆದು ನೋಡಿದರೆ ಮೈಯೆಲ್ಲ ತೂತು! ಆಮೇಲೆಯೇ ಅವನಿಗೆ ಯಂತ್ರದ ಯೋಚನೆ ಬಂದದ್ದು.

"ಕೊಳೆ ಅಂದ್ರೆ ಏನಕ್ಕ? ಕೊಳೆ ಅಂದ್ರೆ ವಯಸ್ಸು!" ಎಂದು ಅವನು ಎದೆಯುಬ್ಬಿಸಿದ. "ಲೋಕವೆಲ್ಲ ಕೊಳೆ ತಿಕ್ಕುತ್ತೆ. ನಾನು ವಯಸ್ಸನ್ನೇ ಬಿಚ್ಚಿ ತೆಗೀತೀನಿ. ಅಲ್ಯುಮಿನಿಯಂಗೆ ತಾನು ಹೊಸದಾಗಿದ್ದಾಗ ಹೇಗಿದ್ದೆ ಅಂತ ನೆನಪಿರುತ್ತೆ. ಆ ನೆನಪಿಗೆ ಈ ಯಂತ್ರ ಕೈಹಿಡಿದು ಕರ್ಕೊಂಡು ಹೋಗುತ್ತೆ!"

"ಹಾಗಾದ್ರೆ ಮೊದಲು ನೀನು ಒಳಗೆ ಕೂತ್ಕೋ."

"ನಾನು ಅಲ್ಯುಮಿನಿಯಂ ಅಲ್ಲ!" ಎಂದು ಪಂಚಾಕ್ಷರಿ ಸಿಡುಕಿ, ವಾಟರ್ ಪಂಪಿನ ಕವಚವನ್ನು ಗ್ರೈಂಡರಿನೊಳಗಿಟ್ಟು ಸ್ವಿಚ್ ಒತ್ತಿದ. ಯಂತ್ರ ಗುರ್ ಎಂದಿತು. ಬೀದಿಯ ನಾಯಿಗಳು ಬೊಗಳಿದವು. ಗಂಟೆ ಢಣ್ ಎಂದಿತು.

ಹೊರಗೆ ಬಂದ ಕವಚವನ್ನು ನೋಡಿ ಗೌರಾಂಬ ಬೈಯಲು ತೆರೆದ ಬಾಯನ್ನು ಹಾಗೆಯೇ ಮುಚ್ಚಿದಳು. ಅದರ ಮೇಲಿನ ಬಿಳಿ ಬೂದಿ, ಎಣ್ಣೆಯ ಕರಿ, ಗೀರು ಎಲ್ಲ ಮಾಯವಾಗಿತ್ತು. ಮೊನ್ನೆ ತಾನೇ ಪೆಟ್ಟಿಗೆ ಒಡೆದು ತೆಗೆದಂತೆ ಹೊಳೆಯುತ್ತಿತ್ತು. ಕಾರು ಮನೆಗೆ ಬಂದ ದಿನ ಮರುಳಸಿದ್ಧಪ್ಪನವರು ಬಾನೆಟ್ ಎತ್ತಿ ತೋರಿಸಿದ್ದು ಆಕೆಗೆ ನೆನಪಾಯಿತು. ಅಂದು ಆಕೆಯ ಸೊಂಟದ ಮೇಲೆ ಕೂತಿದ್ದ ಮಗಳು ನೀಲಾ ಇಂಜಿನ್ನಿಗೆ ಕೈಚಾಚಿ ಅತ್ತಿದ್ದಳು.

ನೀಲಾ ಎರಡನೇ ಕ್ಲಾಸಿನಲ್ಲಿದ್ದಾಗ ಮೆದುಳು ಜ್ವರ ಬಂದು ಹೋಗಿಬಿಟ್ಟಳು. ಅವಳ ಅಲ್ಯುಮಿನಿಯಂ ಸ್ಕೂಲ್ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಗೌರಾಂಬ ಊಟ ನಿದ್ದೆ ಬಿಟ್ಟು ಕೂತಿದ್ದ ದಿನಗಳವು. ಒಂದು ಬೆಳಿಗ್ಗೆ ನೋಡಿದರೆ ಪೆಟ್ಟಿಗೆ ಇಲ್ಲ. ಕೇಳಿದ್ದಕ್ಕೆ ಗಂಡ, "ಕೊಟ್ಬಿಟ್ಟೆ" ಎಂದರು. ಯಾರಿಗೆ ಎಂದರೆ ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೊರಟುಬಿಟ್ಟರು. ಆ ಒಂದು ಮಾತನ್ನು ಗೌರಾಂಬ ಅವರಿಗೆ ಕೊನೆಯವರೆಗೂ ಕ್ಷಮಿಸಲಿಲ್ಲ. ಅವರು ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ಆ ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು, ಕೇಳಲಿಲ್ಲ. ಕೇಳದೇ ಇದ್ದದ್ದು ಈಗ ಎದೆಯಲ್ಲಿ ಕಲ್ಲಾಗಿ ಕೂತಿದೆ.

"ಹೇಗಿದೆ ಅಕ್ಕ?" ಎಂದ ಪಂಚಾಕ್ಷರಿ.

"ಚೆನ್ನಾಗಿದೆ ಕಣೋ" ಎಂದಳು ಗೌರಾಂಬ. ತಮ್ಮನ ಯಂತ್ರವೊಂದನ್ನು ಆಕೆ ಹೊಗಳಿದ್ದು ಅದೇ ಮೊದಲು. ಅವನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಸುದ್ದಿ ಎದುರು ಮನೆಯ ಸರ್ವಮಂಗಳಮ್ಮನಿಗೆ ಮುಟ್ಟಲು ಹೊತ್ತು ಹಿಡಿಯಲಿಲ್ಲ. ಆಕೆ ತಳ ಸೀದ ಇಡ್ಲಿ ಪಾತ್ರೆ ಹಿಡಿದು ಓಡಿ ಬಂದಳು.

"ಪಂಚಣ್ಣ, ಇದು ನಮ್ಮ ತವರಿನವರು ಕೊಟ್ಟಿದ್ದು! ಅಪ್ಪಟ ಮಾಲು. ಈಗೆಲ್ಲಾ ಇಂಥದ್ದು ಸಿಗಲ್ಲ. ಸ್ವಲ್ಪ ನೋಡಿ!"

ಗುರ್ ಎಂದಿತು, ಢಣ್ ಎಂದಿತು. ಪಾತ್ರೆ ಥಳಥಳ ಹೊಳೆಯಿತು. ಸರ್ವಮಂಗಳಮ್ಮ ಅದರಲ್ಲಿ ಮುಖ ನೋಡಿಕೊಂಡು, ಕುಂಕುಮ ಸರಿಮಾಡಿಕೊಂಡು, ಬೀದಿಗೆಲ್ಲ ಕಾಣುವಂತೆ ಎತ್ತಿ ಹಿಡಿದುಕೊಂಡು ಹೋದಳು. ಹುರುಪೇರಿದ ಪಂಚಾಕ್ಷರಿ ಇಂಜಿನ್ನಿನ ಮುಂಭಾಗದ ಮುಚ್ಚಳವಾದ ಟೈಮಿಂಗ್ ಕವರನ್ನು ಯಂತ್ರಕ್ಕೆ ಹಾಕಿ ತೆಗೆದ. ಅದೂ ಹೊಳೆಯಿತು. ಅಕ್ಕ ತಮ್ಮ ಇಬ್ಬರೂ ಶೆಡ್ಡಿನಲ್ಲೇ ಕೂತು ಕಾಫಿ ಕುಡಿದರು.

ಕಾಫಿ ಮುಗಿಯುವ ಮೊದಲೇ ಗೋಣಿಚೀಲದ ಮೇಲಿದ್ದ ಟೈಮಿಂಗ್ ಕವರ್ ಸಣ್ಣಗೆ ನರಳಿತು. ಅಂಚುಗಳು ಮೇಲೆದ್ದವು. ನಡುವೆ ತಗ್ಗಾಯಿತು, ಹೊಟ್ಟೆ ಬಂತು, ಕಂಠ ಬಂತು. ಇಬ್ಬರೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಂತೆ ಅಲ್ಲೊಂದು ಡಬರಿ ಕೂತಿತ್ತು.

"ಅಯ್ಯೋ, ನನ್ನ ಡಬರಿ ಕಣೋ!" ಗೌರಾಂಬ ಅದನ್ನು ಎತ್ತಿ ಬೆಳಕಿಗೆ ಹಿಡಿದಳು. ತಳದಲ್ಲಿ ಸಾಸಿವೆಯಷ್ಟು ತೂತು. "ಹಾಲು ಸೋರ್ತಿತ್ತು ಅಂತ ಎರಕಕ್ಕೆ ಕೊಟ್ಟಿದ್ದೆ!"

ಆ ಕಾಲದಲ್ಲಿ ಫಿಯಟ್ಟಿನ ಭಾಗಗಳು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಯಾವುದಾದರೂ ಒಡೆದರೆ ಊರಿನ ಎರಕದವನ ಬಳಿ ಹೋಗಬೇಕು. ಅವನು ಲೋಹ ಕರಗಿಸಿ ಅಚ್ಚಿಗೆ ಹೊಯ್ದು ಕೊಡುತ್ತಿದ್ದ, ಆದರೆ ಆ ಲೋಹ ಗಿರಾಕಿಯೇ ತರಬೇಕು. ನೀಲಾ ತೀರಿಕೊಂಡ ವರ್ಷ ಕಾರು ಕಲ್ಲಿಗೆ ಹೊಡೆದು ಎರಡು ಕವರು ಒಡೆದಾಗ ಗೌರಾಂಬ ಅಡಿಗೆಮನೆಯ ಸೋರುವ ಪಾತ್ರೆಗಳನ್ನೆಲ್ಲ ಗಂಡನ ಕೈಗೆ ಹಾಕಿದ್ದಳು.

"ಅಂದ್ರೆ ಇದು ಹಿಂದಿನ ಜನ್ಮಕ್ಕೆ ಹೋಗಿದೆ!" ಎಂದು ಪಂಚಾಕ್ಷರಿ ಕುಣಿದ. "ಅಕ್ಕಾ, ನಾನು ಅಂದ್ಕೊಂಡಿದ್ದಕ್ಕಿಂತ ದೊಡ್ಡ ಯಂತ್ರ ಇದು!"

ಅಷ್ಟರಲ್ಲಿ ಎದುರು ಮನೆಯಿಂದ ಕಿಟಾರನೆ ಕಿರುಚಿದ್ದು ಕೇಳಿಸಿತು. ಸರ್ವಮಂಗಳಮ್ಮ ಎರಡೇ ಬೆರಳಲ್ಲಿ ಏನನ್ನೋ ದೂರಕ್ಕೆ ಹಿಡಿದುಕೊಂಡು, ಮೂಗು ಮುಚ್ಚಿಕೊಂಡು ಬೀದಿ ದಾಟಿ ಬಂದಳು. ಅದು ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿದವರಿಗೆ ಇಡುವ ಬೆಡ್‌ಪ್ಯಾನ್! ಬದಿಯಲ್ಲಿ 'ಗಂಡಸರ ವಾರ್ಡು' ಎಂದು ಸ್ಪಷ್ಟವಾಗಿ ಕೊರೆದಿತ್ತು.

"ಇದರಲ್ಲಿ... ಇದರಲ್ಲಿ ನಾನು..." ಎಂದು ಆಕೆ ತೊದಲಿದಳು.

ಆ ಪಾತ್ರೆಯ ಇಡ್ಲಿ ತಿನ್ನದವರು ಬೀದಿಯಲ್ಲಿ ಯಾರೂ ಇರಲಿಲ್ಲ. ಹೆಂಗಸರ ಸಂಘದ ಸಭೆಗೆ ಬಂದ ಸ್ವಾಮಿಗಳೂ ತಿಂದು ಆಶೀರ್ವಾದ ಮಾಡಿ ಹೋಗಿದ್ದರು.

"ನಿಮ್ಮ ತವರಿನವರು ಎಲ್ಲಿ ತಗೊಂಡ್ರಂತೆ?" ಎಂದು ಪಂಚಾಕ್ಷರಿ ವಿಜ್ಞಾನದ ದೃಷ್ಟಿಯಿಂದ ಕೇಳಿದ.

"ತವರಿನ ಸುದ್ದಿ ಎತ್ತಿದ್ರೆ ನೋಡಿ ಮತ್ತೆ!"

ಜಗಳ ಕಾವೇರುವ ಮೊದಲೇ ಕಾರಿನ ಪಕ್ಕದಲ್ಲಿ ಸುರ್ರೆಂದು ಸದ್ದಾಯಿತು. ಮೂವರೂ ತಿರುಗಿ ನೋಡಿದರು. ಬೆಳಿಗ್ಗೆ ಹೊಳೆದಿದ್ದ ವಾಟರ್ ಪಂಪಿನ ಕವಚ ಇದ್ದ ಜಾಗದಲ್ಲಿ ಒಂದು ಬೊಗಸೆ ಕೆಂಪು ಮಣ್ಣು ಇತ್ತು. ಪಂಚಾಕ್ಷರಿ ಕೂತು, ಮಣ್ಣನ್ನು ಬೆರಳಲ್ಲಿ ಉಜ್ಜಿ, ಮೂಸಿದ. ಅವನ ಮುಖ ಸಪ್ಪಗಾಯಿತು.

"ಇದಕ್ಕೆ ಹಿಂದಿನ ಜನ್ಮ ಇರಲಿಲ್ಲ. ಕಂಪನಿಯ ಹೊಸ ಲೋಹ. ಅಲ್ಯುಮಿನಿಯಂ ಹುಟ್ಟೋದೇ ಈ ಕೆಂಪು ಮಣ್ಣಲ್ಲಿ, ಅದಕ್ಕೇ ನೇರ ಗಣಿಗೆ ಹೋಗಿದೆ."

"ನಿಲ್ಲಿಸೋ ಅದನ್ನ!" ಎಂದಳು ಗೌರಾಂಬ.

"ಶುರುಮಾಡೋಕೆ ಸ್ವಿಚ್ ಇದೆ ಅಕ್ಕ. ನಿಲ್ಲಿಸೋದನ್ನ ಆಮೇಲೆ ಮಾಡೋಣ ಅಂತಿದ್ದೆ. ಒಂದು ಸಲ ಹಿಂದಕ್ಕೆ ಹೊರಟಿದ್ದು ಮಣ್ಣು ಮುಟ್ಟೋ ತನಕ ಹೋಗ್ತಾನೇ ಇರುತ್ತೆ."

"ಮಣ್ಣಾಗ್ಲಿ, ಹಾಳಾಗಿ ಹೋಗ್ಲಿ!" ಎಂದು ಸರ್ವಮಂಗಳಮ್ಮ ಬೆಡ್‌ಪ್ಯಾನನ್ನು ಅಲ್ಲೇ ಒಗೆದು, ಬಾಯಿ ಮುಕ್ಕಳಿಸಲು ಮನೆಗೆ ಓಡಿದಳು.

ಆದರೆ ಗೌರಾಂಬಳಿಗೆ ತನ್ನ ಕಾರಿನ ಚಿಂತೆ. ಸೋಮವಾರಕ್ಕೆ ಹೋಗುವುದು ಹೇಗೆ? ಆಕೆ ಡಬರಿಯನ್ನು ತಮ್ಮನ ಮುಂದೆ ಕುಕ್ಕಿದಳು. "ಹಿಂದಕ್ಕೆ ಹೋಗೋದು ಮುಂದಕ್ಕೂ ಬರಬೇಕು ತಾನೇ? ಮೊದಲು ಇದನ್ನ ಸರಿಮಾಡು!"

ಪಂಚಾಕ್ಷರಿ ತಂತಿಗಳನ್ನು ಕಿತ್ತು, ಇದನ್ನು ಅದಕ್ಕೂ ಅದನ್ನು ಇದಕ್ಕೂ ಸುತ್ತಿ, ಡಬರಿಯನ್ನು ಒಳಗಿಟ್ಟ. ಯಂತ್ರ ಈ ಸಲ ಗೊರಕೆ ಹೊಡೆದಂತೆ ಸದ್ದು ಮಾಡಿತು. ಡಬರಿ ಚಪ್ಪಟೆಯಾಗಿ, ಬಾಗಿ, ಮತ್ತೆ ಅದೇ ಮಾಸಿದ ಟೈಮಿಂಗ್ ಕವರ್ ಆಯಿತು. ಇಬ್ಬರೂ ಬಹಳ ಹೊತ್ತು ಕಾದು ಕೂತರು. ಅದು ಅಲುಗಲಿಲ್ಲ.

"ಸದ್ಯ! ಇವತ್ತಿಗೆ ಬಂದು ಮುಟ್ಟಿದ ಮೇಲೆ ಮುಂದೆ ಜಾಗ ಇಲ್ಲ, ಅದಕ್ಕೆ ನಿಂತಿದೆ" ಎಂದು ಪಂಚಾಕ್ಷರಿ ಬೆವರು ಒರೆಸಿಕೊಂಡ.

"ಇನ್ನೇನೂ ಹಾಕಿಲ್ಲ ತಾನೇ?"

ಅವನು ಬೆಂಚಿನ ಕೆಳಗೆ ಕಣ್ಣು ಹಾಯಿಸಿದ.

"ಪಂಚು?"

"ನೀನು ಕಾಫಿ ಮಾಡೋಕೆ ಒಳಗೆ ಹೋದಾಗ ಟ್ಯಾಪೆಟ್ ಕವರ್ ಒಂದು ಹಾಕಿ ತೆಗೆದಿಟ್ಟೆ. ಅದು ಮೊದಲೇ ಚೆನ್ನಾಗಿತ್ತು, ಒಂದು ಚೂರು ಬೂದಿ ಇರಲಿಲ್ಲ. ಸುಮ್ನೆ, ಎಲ್ಲಾ ಒಂದೇ ಥರ ಇರ್ಲಿ ಅಂತ."

ಇಂಜಿನ್ನಿನ ನೆತ್ತಿಯ ಮೇಲೆ ಕೂರುವ ಆ ಉದ್ದನೆಯ ಮುಚ್ಚಳ ಮಾತ್ರ ಚೊಕ್ಕಟವಾಗಿದ್ದದ್ದಕ್ಕೆ ಕಾರಣವಿತ್ತು. ಮರುಳಸಿದ್ಧಪ್ಪನವರು ದಿನಾ ಬೆಳಿಗ್ಗೆ ಅಂಗಡಿಗೆ ಹೊರಡುವ ಮುಂಚೆ ಬಾನೆಟ್ ಎತ್ತಿ, ಹಳೇ ಬನೀನಿನಿಂದ ಅದೊಂದನ್ನೇ ಒರೆಸುತ್ತಿದ್ದರು. ಮೆಕ್ಯಾನಿಕ್ಕುಗಳಿಗೂ ಮುಟ್ಟಲು ಬಿಡುತ್ತಿರಲಿಲ್ಲ. "ಹೆಂಡತಿ ಮುಖ ನೋಡೋಕೆ ಪುರಸೊತ್ತಿಲ್ಲ, ಇಂಜಿನ್ ಮುಖ ತೊಳೀತಾರೆ" ಎಂದು ಗೌರಾಂಬ ಒಳಗಿನಿಂದಲೇ ಕೂಗಿ ಹೇಳುತ್ತಿದ್ದಳು.

ಪಂಚಾಕ್ಷರಿ ಬೆಂಚಿನ ಕೆಳಗಿನಿಂದ ಅದನ್ನು ಎಳೆದ. ಅದು ಆಗಲೇ ಹೊರಟಿತ್ತು. ಅಂಚುಗಳು ಮಡಚಿಕೊಂಡವು, ನಾಲ್ಕು ಮೂಲೆ ಎದ್ದವು. ಮೇಲೊಂದು ಮುಚ್ಚಳ ಬಂತು, ಚಿಲಕ ಬಂತು, ಕೊನೆಗೆ ಒಂದು ಹಿಡಿಕೆ ಬಂತು. ಮುಚ್ಚಳದ ಮೇಲೆ ಕೈವಾರದ ಮೊನೆಯಿಂದ ಕೊರೆದ ಅಕ್ಷರಗಳು ಒಂದೊಂದಾಗಿ ಮೂಡಿದವು. 'ಎಂ. ನೀಲಾಂಬಿಕೆ, ಎರಡನೇ ಕ್ಲಾಸು.' ಹೆಸರು ಉದ್ದವಾಗಿ ಜಾಗ ಸಾಲದೆ ಕೊನೆಯ ಅಕ್ಷರ ಕೆಳಗೆ ಇಳಿದಿತ್ತು. ಅದನ್ನು ಕೊರೆದದ್ದು ಮರುಳಸಿದ್ಧಪ್ಪನವರೇ. ಹಾಗೆ ಇಳಿದದ್ದಕ್ಕೆ ನೀಲಾ ಒಂದು ದಿನವೆಲ್ಲ ಅಪ್ಪನ ಜೊತೆ ಮಾತು ಬಿಟ್ಟಿದ್ದಳು.

ಗೌರಾಂಬ ನೆಲದ ಮೇಲೆ ಕೂತಳು. ಪೆಟ್ಟಿಗೆಯನ್ನು ಮಡಿಲಿಗೆ ಎಳೆದುಕೊಂಡಳು. ಮೂಲೆಯ ತಗ್ಗು ಹಾಗೇ ಇತ್ತು. ಚಿಲಕ ಎಡಕ್ಕೆ ಒತ್ತಿ ಎಳೆದರೆ ಮಾತ್ರ ತೆರೆಯುತ್ತಿತ್ತು. ಆಕೆಯ ಬೆರಳು ಅದನ್ನು ಮರೆತಿರಲಿಲ್ಲ. ಪೆಟ್ಟಿಗೆ ತೆರೆಯಿತು, ಒಳಗೆ ಏನೂ ಇರಲಿಲ್ಲ. ಬಳಪ, ಹುಣಸೆಬೀಜ, ಬಣ್ಣದ ಕಾಗದ ಯಾವುದೂ ಇಲ್ಲ. ಯಂತ್ರ ಅಲ್ಯುಮಿನಿಯಂ ಒಂದನ್ನೇ ತಂದಿತ್ತು. ಆಕೆ ಖಾಲಿ ಪೆಟ್ಟಿಗೆಯೊಳಗೆ ಕೈಯಾಡಿಸುತ್ತ ಅಳಲಾರಂಭಿಸಿದಳು.

"ಭಾವ ಇದನ್ನ ಎರಕಕ್ಕೆ ಕೊಟ್ಟಿದ್ರಾ?" ಎಂದ ಪಂಚಾಕ್ಷರಿ.

"ಲೋಹ ಸಾಲ್ಲಿಲ್ಲ ಅಂತ ಎರಕದವನು ಹೇಳಿ ಕಳಿಸಿದ್ದ. ಇದನ್ನ ಕೊಟ್ಟಿದಾರೆ. ಎಲ್ಲಾದ್ರೂ ಬಿಸಾಕಬಹುದಿತ್ತಲ್ಲೋ, ಯಾರಿಗಾದ್ರೂ ಕೊಡಬಹುದಿತ್ತು. ಮನೇಲಿದ್ರೆ ನಾನು ಬಿಟ್ಟು ಏಳಲ್ಲ ಅಂತ ಗೊತ್ತಿತ್ತು ಅವರಿಗೆ. ಅದಕ್ಕೆ ಕಾರೊಳಗೆ ಇಟ್ಕೊಂಡ್ರು. ದಿನಾ ಮುಖ ಒರೆಸ್ತಿದ್ರು ಕಣೋ! ನಾನು ಒಳಗಿಂದ ಅಣಕಿಸ್ತಿದ್ದೆ!"

ಪೆಟ್ಟಿಗೆ ಕಾಣೆಯಾದ ಮೇಲೆ ಅವರ ಕಾರಿನಲ್ಲಿ ಎಲ್ಲಿಗೆ ಹೋದರೂ ಗೌರಾಂಬ ಮುನಿಸಿಕೊಂಡು ಹಿಂದಿನ ಸೀಟಿನಲ್ಲೇ ಕೂರುತ್ತಿದ್ದಳು. ಮೇಡಮ್ಮನ ಡ್ರೈವರ್ ಎಂದು ಊರು ನಗುತ್ತಿದ್ದರೂ ಮರುಳಸಿದ್ಧಪ್ಪನವರು ಏನೂ ಹೇಳದೆ ಓಡಿಸಿದ್ದರು. ಮದುವೆ, ಮಠ, ಸಾವು, ಸಂತೆ ಎಲ್ಲ ಕಡೆಗೂ ನೀಲಾ ಸೇರಿ ಮೂವರೂ ಹೋಗಿ ಬಂದಿದ್ದರು ಎಂಬುದು ಆಕೆಗೆ ಈಗ ತಿಳಿಯಿತು. ಒಂದು ಸಲ ಹೇಳಬಾರದಿತ್ತೇ ಎಂದು ಸತ್ತವರ ಮೇಲೆ ಸಿಟ್ಟೂ ಬಂತು. ಸಿಟ್ಟಿಗಿಂತ ಹೆಚ್ಚಾಗಿ ದುಃಖ ಬಂತು.

ಪೆಟ್ಟಿಗೆ ಮಡಿಲಲ್ಲಿ ಸಣ್ಣಗೆ ನರಳಿತು.

"ಅಕ್ಕ" ಎಂದ ಪಂಚಾಕ್ಷರಿ, "ಅದು ಮಣ್ಣಾಗೋಕೆ ಹೊರಟಿದೆ. ಈಗಲೇ ಯಂತ್ರಕ್ಕಿಟ್ರೆ ಕವರ್ ಆಗಿ ಉಳಿಯುತ್ತೆ."

"ಪೆಟ್ಟಿಗೆಯಾಗೇ ನಿಲ್ಲಿಸೋ. ನೀನು ಎಷ್ಟೆಲ್ಲಾ ಮಾಡ್ತೀಯ. ಇದೊಂದು ಮಾಡು ಪಂಚು."

ಆಗುವುದಿಲ್ಲ ಎಂಬ ಮಾತನ್ನು ಪಂಚಾಕ್ಷರಿ ಜನ್ಮದಲ್ಲೇ ಆಡಿದವನಲ್ಲ. ಚಂದ್ರನ ಮೇಲೆ ಸೌತೆಕಾಯಿ ಬೆಳೆಯುತ್ತದೆಯೇ ಎಂದರೂ ಗೊಬ್ಬರ ಯಾವುದು ಎಂದು ಯೋಚಿಸುವವನು. ಈಗ ಅವನು ಅಕ್ಕನ ಮುಂದೆ ಮೊಣಕಾಲೂರಿ ಕೂತು, "ನನ್ನ ಕೈಲಿ ಆಗಲ್ಲ ಅಕ್ಕ" ಎಂದು ಅತ್ತುಬಿಟ್ಟ.

ಗೌರಾಂಬ ಪೆಟ್ಟಿಗೆಯ ಹೆಸರಿನ ಮೇಲೆ ಬೆರಳಾಡಿಸಿದಳು. ಮುಚ್ಚಳದ ಒಂದು ಅಂಚು ಆಗಲೇ ಕೆಂಪಗೆ ಉದುರುತ್ತಿತ್ತು. ಆಕೆ ಸೆರಗಿನಿಂದ ಪೆಟ್ಟಿಗೆಯನ್ನು ಒರೆಸಿ, ಚಿಲಕ ಹಾಕಿ, ಎದ್ದು ನಿಂತಳು. ತಮ್ಮ ಕೈಚಾಚಿದರೂ ಅವನಿಗೆ ಕೊಡಲಿಲ್ಲ. ತಾನೇ ಯಂತ್ರದ ಹೊಟ್ಟೆಯೊಳಗೆ ಮೆಲ್ಲಗೆ ಇಳಿಸಿದಳು.

"ಒತ್ತು" ಎಂದಳು.

ಯಂತ್ರ ಗೊರಕೆ ಹೊಡೆಯಿತು. ಹೆಸರು ಮಾಸಿತು. ಮೂಲೆಗಳು ಬಾಗಿದವು, ಪೆಟ್ಟಿಗೆ ಉದ್ದುದ್ದ ಚಾಚಿಕೊಂಡಿತು. ಇನ್ನೇನು ಮುಗಿಯಿತು ಎನ್ನುವಷ್ಟರಲ್ಲಿ ಫಟ್ ಎಂದಿತು. ಕರೆಂಟ್ ಹೋಯಿತು! ಭದ್ರಾವತಿಯಲ್ಲಿ ಕರೆಂಟು ಯಾರ ಕಷ್ಟಸುಖವನ್ನೂ ಕೇಳಿ ಹೋಗುವಂಥದ್ದಲ್ಲ.

ಪಂಚಾಕ್ಷರಿ ಅದನ್ನು ಹೊರತೆಗೆದ. ಅದು ಟ್ಯಾಪೆಟ್ ಕವರೇ. ಬೋಲ್ಟಿನ ತೂತು, ಎಣ್ಣೆ ಹಾಕುವ ಬಾಯಿ ಎಲ್ಲ ಸರಿಯಾಗಿತ್ತು. ಆದರೆ ಬೆನ್ನಿನ ಮೇಲೆ ಸ್ಕೂಲ್ ಪೆಟ್ಟಿಗೆಯ ಹಿಡಿಕೆ ಹಾಗೆಯೇ ನಿಂತಿತ್ತು. ಇಬ್ಬರೂ ಕಾದರು. ಕರೆಂಟ್ ಬಂದರೂ, ಸಂಜೆಯಾದರೂ ಅದು ಹಾಗೇ ಇತ್ತು. ಯಾಕೆ ನಿಂತಿತು ಎಂದು ಪಂಚಾಕ್ಷರಿಗೆ ಗೊತ್ತಿಲ್ಲ. ಕೇಳಿದವರಿಗೆ ದಿನಕ್ಕೊಂದು ವಿವರಣೆ ಕೊಡುತ್ತಾನೆ.

"ಥೂ, ಈ ಕರೆಂಟು ಶುರುವಲ್ಲೇ ಹೋಗಿದ್ರೆ ಪೆಟ್ಟಿಗೆಯಾಗೇ ಉಳೀತಿತ್ತಲ್ಲಕ್ಕ!" ಎಂದು ಅವನು ಹಣೆ ಚಚ್ಚಿಕೊಂಡ.

"ಉಳಿದಿದ್ರೆ ನಾನು ಮತ್ತೆ ಮಡಿಲಲ್ಲಿ ಇಟ್ಕೊಂಡು ಕೂತಿರ್ತಿದ್ದೆ ಕಣೋ" ಎಂದಳು ಗೌರಾಂಬ. ಆ ರಾತ್ರಿ ಆಕೆ ಊಟ ಮಾಡಿದಳು, ಅತ್ತಳು, ಮಲಗಿದಳು.

ಸೋಮವಾರ ಬೆಳಿಗ್ಗೆ ದಸ್ತಗೀರ್ ತನ್ನ ಗ್ಯಾರೇಜಿನಲ್ಲಿದ್ದ ಹಳೆಯ ವಾಟರ್ ಪಂಪು ಮತ್ತು ಸೋಡಾ ತಿಂದ ಮುಚ್ಚಳಕ್ಕೆ ಬದಲಿಯನ್ನು ತಂದು ಹಾಕಿದ. ಪಂಚಾಕ್ಷರಿಯನ್ನು ಶೆಡ್ಡಿನ ಹೊರಗೆ ನಿಲ್ಲಿಸಿದ್ದರು. ಉಳಿದ ಭಾಗಗಳನ್ನು ಗೌರಾಂಬಳೇ ಸೀಮೆಎಣ್ಣೆಯಲ್ಲಿ ನೆನೆಸಿ, ಬ್ರಷ್ಷಿನಿಂದ ತಿಕ್ಕಿ ಇಟ್ಟಿದ್ದಳು. ಟ್ಯಾಪೆಟ್ ಕವರನ್ನು ಮಾತ್ರ ದಸ್ತಗೀರನ ಕೈಗೂ ಕೊಡದೆ ಕೊನೆಗೆ ತಾನೇ ಕೂರಿಸಿ ಬೋಲ್ಟು ಬಿಗಿದಳು. ಕಾರು ಕೆಮ್ಮಿತು, ಹೊಗೆ ಉಗುಳಿತು, ಆಮೇಲೆ ಗಡಗಡ ಎಂದು ಶುರುವಾಯಿತು. ಹೂವಿನ ಬುಟ್ಟಿ ಹಿಡಿದು ನಿಂತಿದ್ದ ಗೌರಾಂಬ ತುಟಿ ಕಚ್ಚಿಕೊಂಡಳು.

ದಸ್ತಗೀರ್ ಬಾನೆಟ್ ಮುಚ್ಚಲು ಹೋದವನು ಕಣ್ಣು ಕಿರಿದು ಮಾಡಿ ಒಳಗೆ ಬಗ್ಗಿದ.

"ಏನಮ್ಮ ಇದು? ಇಷ್ಟು ವರ್ಷದಲ್ಲಿ ನಾನು ಇಂಥದ್ದು ನೋಡಿಲ್ಲ. ಇಂಜಿನ್‌ಗೆ ಹಿಡಿಕೆ ಯಾತಕ್ಕೆ?"

ಗೌರಾಂಬ ಬುಟ್ಟಿಯ ಹೂವನ್ನು ಸರಿಮಾಡುತ್ತ ಹೇಳಿದಳು:

"ಸ್ಕೂಲಿಗೆ ತಗೊಂಡ್ ಹೋಗೋಕೆ."